ಪಾಕ ನೋಡಿದವನ ಹೆಸರು

"ಅಲ್ಲ ಕಣವ್ವ, ಊರ್ ತುಂಬ ಹೆಂಡ ಇಳಿಸ್ತಾರೆ ಅಂತೀಯ. ಆ ಊರಲ್ಲೇ ಮಾರಂಗಿಲ್ಲ ಅಂತಾನೂ ಅಂತೀಯ. ಇದೆಂಥ ಊರು?"

ಅಪ್ಪ ಕಾರಿನಲ್ಲಿ ಇದನ್ನು ಮೂರನೇ ಸಲ ಕೇಳಿದರು. ನಾವು ಅಲಬಾಮಾದ ಹಂಟ್ಸ್‌ವಿಲ್‌ನಿಂದ ಟೆನೆಸ್ಸಿಯ ಲಿಂಚ್‌ಬರ್ಗಿಗೆ ಹೊರಟಿದ್ದೆವು. ಒಂದು ಗಂಟೆ ಚಿಲ್ಲರೆ ದಾರಿ. ಅಪ್ಪ ಮಂಡ್ಯದಿಂದ ನಮ್ಮ ಮನೆಗೆ ಬಂದು ಆರು ವಾರ ಆಗಿತ್ತು. ಹಂಟ್ಸ್‌ವಿಲ್‌ನಲ್ಲಿ ತೋರಿಸಬೇಕಾದ್ದೆಲ್ಲ ತೋರಿಸಿ ಮುಗಿದಿತ್ತು. ರಾಕೆಟ್ ಮ್ಯೂಸಿಯಂನಲ್ಲಿ ಮಲಗಿಸಿಟ್ಟ ಸ್ಯಾಟರ್ನ್ ಫೈವ್ ನೋಡಿ ಅವರು ಕೇಳಿದ್ದು, "ಇಷ್ಟುದ್ದದ್ದನ್ನ ಒಂದ್ಸಲ ಹಾರಿಸಿ ಬಿಸಾಕೋರಾ?" ಅಂತ ಮಾತ್ರ. ಇನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಆಫೀಸಿನಲ್ಲಿ ಕೇಳಿದರೆ ಎಲ್ಲರೂ ಹೇಳಿದ್ದು ಒಂದೇ ಜಾಗ, ಜ್ಯಾಕ್ ಡೇನಿಯಲ್ಸ್ ಡಿಸ್ಟಿಲರಿ.

ಅಪ್ಪ ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಅವರ ದೊಡ್ಡಪ್ಪನ ಮೂರು ಎಕರೆ ಸಾರಾಯಿ ಅಂಗಡಿಗೇ ಹೋಯಿತು ಅನ್ನುವುದು ನಮ್ಮನೆಯ ಪುರಾಣ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಊರಿನಲ್ಲಿ ಅತಿ ಖುಷಿಪಟ್ಟವರಲ್ಲಿ ಅಪ್ಪ ಒಬ್ಬರು. ಅಂಥವರು ಮಗಳ ಜೊತೆ ವಿಸ್ಕಿ ಫ್ಯಾಕ್ಟರಿ ನೋಡಲು ಒಪ್ಪಿದ್ದೇ ದೊಡ್ಡದು. "ಊರಿಗೆ ಫೋನ್ ಮಾಡ್ದಾಗ ಹೇಳ್ಬೇಡ" ಅಂತ ಒಂದು ಷರತ್ತು ಹಾಕಿದ್ದರು, ಅಷ್ಟೆ.

ಅವರ ಪ್ರಶ್ನೆಗೆ ಉತ್ತರ ಇಷ್ಟು. ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಲಿಂಚ್‌ಬರ್ಗ್ ಇರುವ ಮೂರ್ ಕೌಂಟಿ ನೂರು ವರ್ಷದಿಂದಲೂ 'ಡ್ರೈ ಕೌಂಟಿ', ಅಂದರೆ ಮದ್ಯ ಮಾರುವಂತಿಲ್ಲದ ಕೌಂಟಿ, ಅಂತಲೇ ಹೆಸರಾದ್ದು. ಅಮೆರಿಕಕ್ಕೆಲ್ಲ ಪಾನನಿಷೇಧ ಬಂದಿದ್ದು 1920ರಲ್ಲಿ. ಟೆನೆಸ್ಸಿ ಅದಕ್ಕೂ ಮೊದಲೇ, 1909ರಲ್ಲೇ, ಮದ್ಯ ತಯಾರಿಸುವಂತಿಲ್ಲ ಅಂತ ಕಾನೂನು ಮಾಡಿತು. ದೇಶದ ನಿಷೇಧ 1933ರಲ್ಲಿ ಹೋದರೂ ಲಿಂಚ್‌ಬರ್ಗಿನಲ್ಲಿ ಮತ್ತೆ ಬಟ್ಟಿ ಇಳಿಸಲು 1938 ಬರಬೇಕಾಯಿತು. ತಯಾರಿಸಲು ಪರವಾನಗಿ ಬಂತು, ಮಾರಲು ಬರಲಿಲ್ಲ. ಈಗ ಅಲ್ಲಲ್ಲಿ ಸಡಿಲ ಆಗಿದೆ. ಬಿಯರ್ ಸಿಗುತ್ತದೆ. ಡಿಸ್ಟಿಲರಿಯ ಒಳಗೇ ಒಂದು ಅಂಗಡಿ ಇದೆ, ಅಲ್ಲಿ 'ನೆನಪಿನ ಕಾಣಿಕೆ' ಅನ್ನುವ ಲೆಕ್ಕದಲ್ಲಿ ಬಾಟಲಿ ಕೊಳ್ಳಬಹುದು. ಒಳಗೆ ಇರುವ ಮದ್ಯ ಕಾಣಿಕೆಗೆ ಉಚಿತವಾಗಿ ಬಂದ ಹಾಗೆ! ಅಪ್ಪ ಇದನ್ನು ಕೇಳಿ ಜೋರಾಗಿ ನಕ್ಕರು. "ಸರ್ಕಾರ ಅಂದ್ರೆ ಎಲ್ಲಾ ಕಡೆ ಒಂದೇ ಕಣವ್ವ."

ಊರು ನೋಡಲು ಐದು ನಿಮಿಷ ಸಾಕು. ನಡುವೆ ಕೆಂಪು ಇಟ್ಟಿಗೆಯ ಕೋರ್ಟು ಕಟ್ಟಡ, ಅದರ ಸುತ್ತ ಚೌಕಾಕಾರದಲ್ಲಿ ಅಂಗಡಿಗಳು. ಟೀ ಶರ್ಟು, ಟೋಪಿ, ವಿಸ್ಕಿ ಹಾಕಿದ ಮಿಠಾಯಿ. ಬಾಟಲಿಯ ಲೇಬಲ್ಲಿನಲ್ಲಿ ಬಹಳ ಕಾಲ 'ಲಿಂಚ್‌ಬರ್ಗ್, ಜನಸಂಖ್ಯೆ 361' ಅಂತ ಅಚ್ಚಾಗುತ್ತಿತ್ತು. ನಿಜವಾಗಿ ಊರೂ ಕೌಂಟಿಯೂ ಒಂದೇ ಆಡಳಿತಕ್ಕೆ ಸೇರಿ, ಈಗ ಆರು ಸಾವಿರಕ್ಕೂ ಹೆಚ್ಚು ಜನ. ಆದರೆ 361 ಅಂದರೆ ಕೇಳಲು ಚೆನ್ನಾಗಿರುತ್ತೆ, ಅಲ್ವಾ.

ಡಿಸ್ಟಿಲರಿ ಇರುವುದು ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ. ಟೂರ್ ಶುರುವಾಗುವ ಮೊದಲೇ ಅಪ್ಪ ನಿಂತುಬಿಟ್ಟರು. ಮರಗಳ ಕಾಂಡ ಕಪ್ಪು. ಕೊಂಬೆ ಕಪ್ಪು. ಗೋದಾಮಿನ ಗೋಡೆ ಕಪ್ಪು. ಒಂದು ಮರದ ಹತ್ತಿರ ಹೋಗಿ ಬೆರಳಿನಿಂದ ಉಜ್ಜಿ ನೋಡಿದರು.

"ಹೊಗೆ ಮಸಿ ಅಲ್ಲ ಇದು. ಮಸಿಯಾಗಿದ್ರೆ ಕೈಗೆ ಹತ್ತೋದು."

ಅವರು ಹೇಳಿದ್ದು ಸರಿ. ಅದು ಬಾಡೋಯಿನಿಯಾ ಅನ್ನುವ ಒಂದು ಬೂಷ್ಟು. ಪೀಪಾಯಿಗಳಿಂದ ಆವಿಯಾಗಿ ಹೋಗುವ ಮದ್ಯಸಾರವೇ ಅದರ ಊಟ. ವಿಸ್ಕಿ ಮಾಗಲು ಇಟ್ಟ ಗೋದಾಮುಗಳ ಸುತ್ತ ಎಲ್ಲ ಕಡೆ ಇದು ಬೆಳೆಯುತ್ತದೆ. ಮರಕ್ಕೆ ಮಾತ್ರವಲ್ಲ, ಅಕ್ಕಪಕ್ಕದವರ ಮನೆ, ಕಾರು, ಬೇಲಿಗೂ ಹತ್ತುತ್ತದೆ. ಪಕ್ಕದ ಲಿಂಕನ್ ಕೌಂಟಿಯಲ್ಲಿ ಇದೇ ಕಾರಣಕ್ಕೆ ಜಗಳ ಎದ್ದು, 2023ರಲ್ಲಿ ಹೊಸ ಗೋದಾಮು ಕಟ್ಟುವುದಕ್ಕೆ ಕೋರ್ಟು ತಡೆ ಕೊಟ್ಟಿತ್ತು. ಹೀಗೆ ಆವಿಯಾಗಿ ಹೋಗುವ ಪಾಲಿಗೆ 'ದೇವದೂತರ ಪಾಲು' ಅಂತ ಚೆಂದದ ಹೆಸರು. ನಮ್ಮ ಬೆಂಗಳೂರಿನ ಅಮೃತ್ ವಿಸ್ಕಿಯಲ್ಲಿ ಈ ಪಾಲು ಇನ್ನೂ ಜಾಸ್ತಿ, ಸೆಕೆಗೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಮೇಲೇ ಹೋಗುತ್ತದೆ. ದೇವದೂತರು ಕುಡಿದು ಬಿಟ್ಟದ್ದು ಬೂಷ್ಟಿಗೆ, ಬೂಷ್ಟು ಪಕ್ಕದ ಮನೆಯವರಿಗೆ.

ಮೊದಲು ಇದ್ದಿಲಿನ ಅಂಗಳ. ಸಕ್ಕರೆ ಮೇಪಲ್ ಮರದ ಉದ್ದನೆಯ ಪಟ್ಟಿಗಳನ್ನು ಅಡ್ಡಡ್ಡ ಪೇರಿಸಿ, ಆಗ ತಾನೇ ಇಳಿಸಿದ ಮದ್ಯವನ್ನೇ ಚಿಮುಕಿಸಿ ಬೆಂಕಿ ಹಚ್ಚುತ್ತಾರೆ. ನಾವು ಹೋದ ದಿನ ಸುಡುತ್ತಿರಲಿಲ್ಲ, ಪೇರಿಸಿಟ್ಟಿದ್ದನ್ನು ನೋಡಿದೆವು. ಈ ಇದ್ದಿಲನ್ನು ಪುಡಿ ಮಾಡಿ ಹತ್ತು ಅಡಿ ಆಳದ ತೊಟ್ಟಿಗೆ ತುಂಬುತ್ತಾರೆ. ಹೊಸ ವಿಸ್ಕಿ ಅದರ ಮೂಲಕ ತೊಟ್ಟು ತೊಟ್ಟಾಗಿ ಇಳಿದು ಕೆಳಗೆ ಬರಲು ದಿನಗಟ್ಟಲೆ ಬೇಕು. ಟೆನೆಸ್ಸಿ ವಿಸ್ಕಿ, ಬರ್ಬನ್ ಅನ್ನುವ ಇನ್ನೊಂದು ಅಮೆರಿಕನ್ ವಿಸ್ಕಿಯಿಂದ ಬೇರೆ ಆಗುವುದು ಇಲ್ಲೇ. ಈ ಸೋಸುವಿಕೆಗೆ 'ಲಿಂಕನ್ ಕೌಂಟಿ ಪದ್ಧತಿ' ಅಂತ ಹೆಸರು, ಯಾಕೆಂದರೆ ಮೂರ್ ಕೌಂಟಿ ಬೇರೆಯಾಗುವ ಮೊದಲು ಈ ಜಾಗ ಲಿಂಕನ್ ಕೌಂಟಿಯಲ್ಲಿತ್ತು. ತಮಾಷೆ ಅಂದರೆ, 2013ರಲ್ಲಿ ರಾಜ್ಯ ಈ ಸೋಸುವಿಕೆಯನ್ನು ಕಡ್ಡಾಯ ಮಾಡಿದಾಗ ಒಂದೇ ಒಂದು ಡಿಸ್ಟಿಲರಿಗೆ ವಿನಾಯಿತಿ ಕೊಟ್ಟಿತು. ಅದು ಇರುವುದು ಲಿಂಕನ್ ಕೌಂಟಿಯಲ್ಲೇ.

ಆಮೇಲೆ ಗುಹೆ. ಸುಣ್ಣಕಲ್ಲಿನ ಬಂಡೆಯ ಬುಡದಿಂದ ತಣ್ಣಗೆ ನೀರು ಹರಿದು ಬರುತ್ತದೆ. ಬೇಸಿಗೆ, ಚಳಿಗಾಲ ಯಾವಾಗಲೂ 13 ಡಿಗ್ರಿ. ನೀರಿನಲ್ಲಿ ಕಬ್ಬಿಣದ ಅಂಶ ಇಲ್ಲ. ಕಬ್ಬಿಣ ಇದ್ದರೆ ವಿಸ್ಕಿಯ ಬಣ್ಣವೂ ಕೆಡುತ್ತದೆ, ರುಚಿಯೂ ಕೆಡುತ್ತದೆ. ಅಪ್ಪನಿಗೆ ಇಡೀ ಡಿಸ್ಟಿಲರಿಯಲ್ಲಿ ತುಂಬ ಹಿಡಿಸಿದ್ದು ಈ ಗುಹೆ. ಬಾವಿ ತೋಡಿಸಿ ಸುಸ್ತಾದವರಿಗೆ ತಾನಾಗಿ ಹರಿದು ಬರುವ ನೀರಿಗಿಂತ ದೊಡ್ಡ ಪ್ರೇಕ್ಷಣೀಯ ಸ್ಥಳ ಇಲ್ಲ.

ಗುಹೆಯ ಮುಂದೆ ಜ್ಯಾಕ್ ಡೇನಿಯಲ್ ವಿಗ್ರಹ. ಪುಟ್ಟ ಆಳು, ಐದು ಅಡಿ ಎರಡು ಅಂಗುಲ. ಪೂರ್ತಿ ಹೆಸರು ಜ್ಯಾಸ್ಪರ್ ನ್ಯೂಟನ್ ಡೇನಿಯಲ್. ಹುಟ್ಟಿದ ತಾರೀಖು ಖಚಿತವಿಲ್ಲ. 1849 ಅನ್ನುವವರಿದ್ದಾರೆ, 1850 ಅನ್ನುವವರಿದ್ದಾರೆ. ಡಿಸ್ಟಿಲರಿ ಶುರುವಾದ ವರ್ಷವೂ ಹಾಗೇ. ಬಾಟಲಿ 1866 ಅನ್ನುತ್ತದೆ, ದಾಖಲೆ ಹುಡುಕಿದವರು 1875 ಅನ್ನುತ್ತಾರೆ. ಅಪ್ಪನಿಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಕಾಣಲಿಲ್ಲ. ಅವರ ಪಾಸ್‌ಪೋರ್ಟಿನಲ್ಲಿರುವ ಜೂನ್ 1 ಸ್ಕೂಲಿಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಬರೆದುಕೊಂಡ ತಾರೀಖು. "ಇವನ ಕಾಲದಲ್ಲೂ ಮೇಷ್ಟ್ರು ಇದ್ರು" ಅಂದರು.

ಗಂಜಿ ಹುಳಿ ಬರಿಸುವ ಮನೆಯೊಳಗೆ ಕಾಲಿಟ್ಟ ತಕ್ಷಣ ಮುಖಕ್ಕೆ ಬಡಿಯಿತು ವಾಸನೆ. ನಾನು ಹೇಗೆ ಹೇಳಲಿ? ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಕ್ಕಿ ಚೆಲ್ಲಿರುತ್ತದಲ್ಲ, ಆ ವಾಸನೆ. ಅದಕ್ಕೆ ಬೇಯಿಸಿದ ಜೋಳದ ಸಿಹಿ ಸೇರಿಸಿ. ನೂರರಲ್ಲಿ ಎಂಬತ್ತು ಪಾಲು ಮೆಕ್ಕೆಜೋಳ, ಉಳಿದದ್ದು ಮೊಳಕೆ ಬರಿಸಿದ ಬಾರ್ಲಿ ಮತ್ತು ರೈ ಅನ್ನುವ ಧಾನ್ಯ. ಹಿಂದಿನ ಸಲ ಬಟ್ಟಿ ಇಳಿಸಿ ಉಳಿದ ಗಂಜಿಯಲ್ಲಿ ಸ್ವಲ್ಪ ತೆಗೆದಿಟ್ಟು ಹೊಸ ಗಂಜಿಗೆ ಸೇರಿಸುತ್ತಾರೆ ಅಂತ ಗೈಡ್ ಹೇಳಿದಾಗ ನಾನು ಅಪ್ಪನಿಗೆ "ಮೊಸರಿಗೆ ಹೆಪ್ಪು ಹಾಕೋ ಹಾಗೆ" ಅಂತ ತರ್ಜುಮೆ ಮಾಡಿದೆ. ಅನುಮಾನ ಬಂದು ಗೈಡನ್ನೇ ಕೇಳಿದೆ. ಹೆಪ್ಪು ಅಲ್ಲವಂತೆ. ಕುದಿದ ಗಂಜಿಯಲ್ಲಿ ಜೀವ ಉಳಿದಿರುವುದಿಲ್ಲ. ಅದು ಕೊಡುವುದು ಹುಳಿ ಮಾತ್ರ, ಬೇಡದ ಕ್ರಿಮಿ ಬೆಳೆಯದಂತೆ. ಹುದುಗು ಬರಿಸುವ ಯೀಸ್ಟ್ ಬೇರೆಯೇ ಹಾಕುತ್ತಾರೆ. ಅಪ್ಪ ಅದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವರ ಮೂಗು ಬೇರೆಲ್ಲೋ ಹೋಗಿತ್ತು.

"ಆಲೆಮನೆ," ಅಂದರು. "ನಮ್ಮ ಆಲೆಮನೇಲಿ ಮಾರನೇ ದಿನ ಉಳಿದ ಹಾಲು ಹಿಂಗೇ ನಾರೋದು."

ಹಾಲು ಅಂದರೆ ಕಬ್ಬಿನ ಹಾಲು. ನಮ್ಮ ತಾತನದ್ದು ಒಂದು ಆಲೆಮನೆ ಇತ್ತು. ನಾನು ನೋಡಿದ್ದು ಅದರ ಕೊನೆಯ ಎರಡು ಮೂರು ವರ್ಷ.

ಈಗ ನಿಯರೆಸ್ಟ್ ಗ್ರೀನ್ ವಿಷಯಕ್ಕೆ ಬರುತ್ತೇನೆ. ಲಿಂಚ್‌ಬರ್ಗಿಗೆ ಹೋಗುವವರೆಗೆ ನನಗೂ ಈ ಹೆಸರು ಅಷ್ಟಾಗಿ ಗೊತ್ತಿರಲಿಲ್ಲ.

ಜ್ಯಾಕ್ ಚಿಕ್ಕ ಹುಡುಗನಾಗಿದ್ದಾಗ ಡ್ಯಾನ್ ಕಾಲ್ ಅನ್ನುವವನ ತೋಟಕ್ಕೆ ಕೆಲಸಕ್ಕೆ ಸೇರಿದ. ಕಾಲ್ ಲುಥೆರನ್ ಪಂಥದ ಬೋಧಕ. ಭಾನುವಾರ ಬೋಧನೆ, ಉಳಿದ ದಿನ ಅಂಗಡಿ, ಜೊತೆಗೆ ವಿಸ್ಕಿ ಬಟ್ಟಿ. ಬಟ್ಟಿಯ ಮುಂದೆ ನಿಂತಿರುತ್ತಿದ್ದವನು ಮಾತ್ರ ಕಾಲ್ ಅಲ್ಲ, ನೇಥನ್ ಗ್ರೀನ್. ಎಲ್ಲರೂ ಕರೆಯುತ್ತಿದ್ದುದು ನಿಯರೆಸ್ಟ್ ಅಂತ. ಅವನು ಗುಲಾಮ. ಅವನ ಒಡೆಯರು ಅವನನ್ನು ಕಾಲ್‌ಗೆ ಬಾಡಿಗೆಗೆ ಕೊಟ್ಟಿದ್ದರು. ಹುಡುಗ ಜ್ಯಾಕ್‌ಗೆ ವಿಸ್ಕಿ ಇಳಿಸಲು ಕಲಿಸಿದ್ದು ಇವನು. ಇದ್ದಿಲಿನಲ್ಲಿ ಸೋಸುವ ರೀತಿಯೂ ಪಶ್ಚಿಮ ಆಫ್ರಿಕಾದಲ್ಲಿ ನೀರು ಸೋಸುತ್ತಿದ್ದ ರೂಢಿಯಿಂದ ಬಂದಿರಬಹುದು ಅಂತ ಕೆಲವರು ಊಹಿಸುತ್ತಾರೆ. ಅಂತರ್ಯುದ್ಧ ಮುಗಿದು, ಗುಲಾಮಗಿರಿ ಹೋದ ಮೇಲೆ ಜ್ಯಾಕ್ ತನ್ನದೇ ಡಿಸ್ಟಿಲರಿ ಮಾಡಿದ. ನಿಯರೆಸ್ಟ್ ಅದರ ಮೊದಲ ಮುಖ್ಯ ಬಟ್ಟಿಗಾರ. ಅವನ ಮಕ್ಕಳೂ ಅಲ್ಲೇ ದುಡಿದರು, ಮೊಮ್ಮಕ್ಕಳೂ. ಇವತ್ತಿಗೂ ಆ ವಂಶದವರು ಅಲ್ಲಿ ಕೆಲಸದಲ್ಲಿದ್ದಾರೆ.

ಊರಿನವರಿಗೆ ಇದೇನೂ ಗುಟ್ಟಾಗಿರಲಿಲ್ಲ. ಆದರೆ ಟೂರಿನಲ್ಲಿ, ಜಾಹೀರಾತಿನಲ್ಲಿ ಹೇಳುತ್ತಿದ್ದ ಕತೆಯಲ್ಲಿ ಕಲಿಸಿದವನು ಬೋಧಕ ಕಾಲ್ ಆಗಿಬಿಟ್ಟಿದ್ದ. 2016ರಲ್ಲಿ, ಕಂಪನಿ ತನ್ನ 150ನೇ ವರ್ಷ ಆಚರಿಸುವಾಗ, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಅದನ್ನು ಓದಿದ ಫಾನ್ ವೀವರ್ ಅನ್ನುವ ಹೆಂಗಸು ಲಿಂಚ್‌ಬರ್ಗಿಗೇ ಬಂದು, ದಾಖಲೆ ಕೆದಕಿ, ವಂಶದವರನ್ನು ಕಂಡು, 2017ರಲ್ಲಿ 'ಅಂಕಲ್ ನಿಯರೆಸ್ಟ್' ಅಂತಲೇ ಒಂದು ವಿಸ್ಕಿ ಹೊರತಂದರು. ಅದರ ರುಚಿ ಹದ ಮಾಡುವ ವಿಕ್ಟೋರಿಯಾ ಈಡಿ ಬಟ್ಲರ್ ನಿಯರೆಸ್ಟ್‌ನ ಮರಿಮೊಮ್ಮಗಳ ಮಗಳ ಸಾಲಿನವರು. ಈಗ ಜ್ಯಾಕ್ ಡೇನಿಯಲ್ಸ್ ಟೂರಿನಲ್ಲೂ ನಿಯರೆಸ್ಟ್ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ.

ಇದನ್ನೆಲ್ಲ ನಾನು ಅಪ್ಪನಿಗೆ ತುಂಡು ತುಂಡಾಗಿ ಹೇಳುತ್ತಿದ್ದೆ.

"ಬಾಡಿಗೆಗೆ ಕೊಡೋದು ಅಂದ್ರೆ? ಎತ್ತು ಕೊಡೋ ಹಂಗಾ?"

"ಹೂಂ, ಹಂಗೇ."

"ಕೂಲಿ ಯಾರಿಗೆ ಹೋಗೋದು?"

"ಒಡೆಯನಿಗೆ."

ಅಪ್ಪ ಸುಮ್ಮನಾದರು. ಅಲ್ಲೊಂದು ಹಳೇ ಫೋಟೋ. ಸುಮಾರು 1904ರದ್ದು ಅನ್ನುತ್ತಾರೆ. ಬಿಳಿ ಟೋಪಿ ಹಾಕಿಕೊಂಡು ಕೂತ ಜ್ಯಾಕ್, ಸುತ್ತ ಕೆಲಸಗಾರರು, ಅವನ ಪಕ್ಕಕ್ಕೇ ಒತ್ತಿಕೊಂಡು ಕೂತ ಒಬ್ಬ ಕರಿಯ ಮನುಷ್ಯ. ನಿಯರೆಸ್ಟ್‌ನ ಮಗ ಜಾರ್ಜ್ ಇರಬೇಕು ಅನ್ನುತ್ತಾರೆ. ನಿಯರೆಸ್ಟ್‌ನದ್ದೇ ಅನ್ನುವ ಫೋಟೋ ಒಂದೂ ಇಲ್ಲ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಆ ಫೋಟೋ ನೋಡುತ್ತಾ ನಿಂತರು. ಗುಂಪು ಮುಂದೆ ಹೋಯಿತು. ನಾನು ಕರೆಯಲಿಲ್ಲ.

ನಮ್ಮ ಆಲೆಮನೆಯಲ್ಲಿ ಒಬ್ಬರು ಪಾಕ ನೋಡುವವರಿದ್ದರು. ನನಗೆ ಅವರ ಕೈ ಚೆನ್ನಾಗಿ ನೆನಪಿದೆ. ಕೊಪ್ಪರಿಗೆಯಲ್ಲಿ ಹಾಲು ಕೊತಕೊತ ಕುದ್ದು ಕೆಂಪಗೆ ಗಟ್ಟಿಯಾಗುತ್ತಾ ಬಂದಾಗ ಅವರು ಒಂದು ತೊಟ್ಟು ತೆಗೆದು ನೀರಿಗೆ ಬಿಡುತ್ತಿದ್ದರು. ನೀರಿನಿಂದ ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಉರುಳಿಸಿ ಉಂಡೆ ಮಾಡಿ ಕಲ್ಲಿಗೆ ಹೊಡೆಯುತ್ತಿದ್ದರು. ಆ ಸದ್ದು ಕೇಳಿ "ಇಳಿಸ್ರೋ" ಅನ್ನುತ್ತಿದ್ದರು. ಒಂದು ನಿಮಿಷ ಮುಂಚೆ ಇಳಿಸಿದರೆ ಬೆಲ್ಲ ಮೆತ್ತಗಾಗಿ ಅಚ್ಚಿಗೆ ನಿಲ್ಲದು, ಒಂದು ನಿಮಿಷ ತಡವಾದರೆ ಕಪ್ಪಾಗಿ ಕಹಿ. ಗಡಿಯಾರ ಇಲ್ಲ, ಥರ್ಮಾಮೀಟರ್ ಇಲ್ಲ. ಮಂಡ್ಯದ ಮಂಡಿಯಲ್ಲಿ ನಮ್ಮ ಬೆಲ್ಲಕ್ಕೆ ಒಂದೆರಡು ರೂಪಾಯಿ ಹೆಚ್ಚೇ ಸಿಗುತ್ತಿತ್ತು. ಸಿಗುತ್ತಿದ್ದುದು ತಾತನ ಹೆಸರಿಗೆ. "ಗೌಡ್ರ ಬೆಲ್ಲ."

ಆ ಪಾಕದವರು ನಮ್ಮನೆಗೆ ಜೀತಕ್ಕೆ ಬಂದವರ ಮಗ. ನೀರು ಕುಡಿಯಲು ಅವರಿಗೆ ಬೇರೆ ಲೋಟ, ಅದು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಅವರ ಕೈ ಮುಟ್ಟಿದ ಬೆಲ್ಲ ನಮ್ಮ ದೇವರ ಮನೆಗೂ ಹೋಗುತ್ತಿತ್ತು. ಅವರು ಮಾತ್ರ ಹೊಸಿಲು ದಾಟುವ ಹಾಗಿರಲಿಲ್ಲ. ಟೆನೆಸ್ಸಿಯ ಗುಲಾಮಗಿರಿ ಬೇರೆ, ನಮ್ಮದು ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನಾನು ಹೋಗುವುದಿಲ್ಲ. ಆದರೆ ಅಪ್ಪ ಆ ಫೋಟೋದ ಮುಂದೆ ಯಾರನ್ನು ನೋಡುತ್ತಿದ್ದರು ಅಂತ ನನಗೆ ಗೊತ್ತಿತ್ತು. ಹೊರಗೆ ಬಂದ ಮೇಲೆ ಅವರೇ ಕೇಳಿದರು.

"ನಮ್ ಪಾಕದಣ್ಣನ ಹೆಸ್ರು ಏನವ್ವ?"

ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ನೆನಪಿಗೆ ಬರಲಿಲ್ಲ. ಎಲ್ಲರೂ ಪಾಕದಣ್ಣ ಅಂತಲೇ ಕರೆಯುತ್ತಿದ್ದುದು. ತಾತ ಮಾತ್ರ "ಲೋ" ಅನ್ನುತ್ತಿದ್ದರು.

ಜ್ಯಾಕ್‌ನ ಹಳೇ ಆಫೀಸಿನಲ್ಲಿ ಒಂದು ಕಬ್ಬಿಣದ ತಿಜೋರಿ ಇದೆ. ಒಂದು ಬೆಳಿಗ್ಗೆ ಅದರ ನಂಬರು ಮರೆತು, ಸಿಟ್ಟಿನಲ್ಲಿ ಒದ್ದು, ಕಾಲ್ಬೆರಳು ಕೊಳೆತು, ಕೊನೆಗೆ 1911ರಲ್ಲಿ ಸತ್ತ ಅಂತ ಕತೆ. ಬೆಳಿಗ್ಗೆ ಬೇಗ ಕೆಲಸಕ್ಕೆ ಬರಬೇಡಿ ಅನ್ನುವುದು ಗೈಡ್ ಜೋಕು. ಎಲ್ಲ ಗೈಡ್‌ಗಳೂ ಹೇಳುತ್ತಾರಂತೆ. ಅಪ್ಪ ನಗಲಿಲ್ಲ.

ಪೀಪಾಯಿಯ ಗೋದಾಮು ಮಾತ್ರ ಬಹಳ ಚೆನ್ನಾಗಿತ್ತು. ಅರೆಗತ್ತಲೆ, ಹಳೇ ಮರದ ವಾಸನೆ, ಸಾಲು ಸಾಲು ಪೀಪಾಯಿ. ಒಂದೊಂದರಲ್ಲೂ ಸುಮಾರು 200 ಲೀಟರ್. ಬಿಳಿ ಓಕ್ ಮರದ ಪೀಪಾಯಿಯ ಒಳಮೈ ಸುಟ್ಟು, ಅದಕ್ಕೆ ತುಂಬುತ್ತಾರೆ. ಬಿಸಿಲಿಗೆ ವಿಸ್ಕಿ ಮರದೊಳಗೆ ಇಳಿಯುತ್ತದೆ, ಚಳಿಗೆ ಹೊರಗೆ ಬರುತ್ತದೆ. ಬಣ್ಣವೆಲ್ಲ ಮರದ್ದೇ. ಮೇಲಿನ ಅಂತಸ್ತಿನಲ್ಲಿ ಸೆಕೆ ಜಾಸ್ತಿ, ಅಲ್ಲಿನದು ಬೇಗ ಮಾಗುತ್ತದೆ. ಇಷ್ಟೇ ವರ್ಷ ಅಂತ ಕಟ್ಟುನಿಟ್ಟಿಲ್ಲ. ರುಚಿ ನೋಡುವವರು ಆಯಿತು ಅಂದಾಗ ಆಯಿತು.

"ಹಂಗಾದ್ರೆ ಇಲ್ಲೂ ಪಾಕ ನೋಡೋರು ಅವ್ರೆ," ಅಂದರು ಅಪ್ಪ. ಬೆಳಗ್ಗಿನಿಂದ ಮೊದಲ ಸಲ ಅವರ ಮುಖದಲ್ಲಿ ಈ ಕಂಪನಿಯ ಬಗ್ಗೆ ಗೌರವ ಕಂಡಿತು.

ಕೊನೆಗೆ ರುಚಿ ನೋಡುವ ಕೋಣೆ. ಮೇಜಿನ ಮೇಲೆ ಬೆರಳುದ್ದದ ಲೋಟಗಳು, ಒಂದೊಂದರಲ್ಲಿ ಒಂದು ಗುಟುಕೂ ಇಲ್ಲ. ನನ್ನ ಮುಂದೆಯೂ ಇಟ್ಟರು, ಅಪ್ಪನ ಮುಂದೆಯೂ ಇಟ್ಟರು. ನನಗೆ ನಲವತ್ತನಾಲ್ಕು ವರ್ಷ. ಆಫೀಸಿನ ಪಾರ್ಟಿಗಳಲ್ಲಿ ಕುಡಿದಿದ್ದೇನೆ. ಅಪ್ಪನ ಎದುರಿಗೆ ಇಲ್ಲ. ಲೋಟ ಮುಟ್ಟದೆ ಕೈ ಮಡಿಲಲ್ಲಿಟ್ಟುಕೊಂಡು ಕೂತೆ, ಹೈಸ್ಕೂಲಿನ ಹುಡುಗಿಯ ಹಾಗೆ.

"ದುಡ್ ಕೊಟ್ಟಿದೀಯಲ್ಲ," ಅಂದರು ಅಪ್ಪ, ನನ್ನ ಕಡೆ ನೋಡದೆ. "ಸುಮ್ನೆ ಯಾಕೆ ಚೆಲ್ತೀಯ."

ಕಾರು ಓಡಿಸಬೇಕಿತ್ತು, ನಾಲಿಗೆಗೆ ತಾಗಿಸಿದೆ ಅಷ್ಟೆ. ಅಪ್ಪ ತಮ್ಮ ಲೋಟವನ್ನು ಮೂಗಿಗೆ ಹಿಡಿದರು. ಆಮೇಲೆ ಅದರಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಉಜ್ಜಿ ನೋಡಿದರು. ಎದುರಿಗೆ ನಿಂತಿದ್ದ ಗೈಡ್, ಹಳೇ ಕಾಲದ ಬಟ್ಟಿಗಾರರೂ ಹೀಗೇ ಕೈಗೆ ಉಜ್ಜಿ ವಾಸನೆ ನೋಡುತ್ತಾರೆ, ನಿಮ್ಮ ತಂದೆ ಈ ಕೆಲಸದಲ್ಲಿದ್ದರಾ ಅಂತ ಕೇಳಿದರು. ನಾನು ಏನು ಹೇಳಲಿ? ಬೆಲ್ಲ ಮಾಡುತ್ತಿದ್ದೆವು ಅಂದೆ. ಮಾಡುತ್ತಿದ್ದೆವು ಅಂದದ್ದು ನನ್ನ ಕಿವಿಗೇ ಸರಿ ಬೀಳಲಿಲ್ಲ.

ಮಧ್ಯಾಹ್ನದ ಊಟ ಮಿಸ್ ಮೇರಿ ಬೋಬೋ ಬೋರ್ಡಿಂಗ್ ಹೌಸಿನಲ್ಲಿ. ಲಿಂಚ್‌ಬರ್ಗಿಗೆ ಹೋದರೆ ಡಿಸ್ಟಿಲರಿ ಬಿಟ್ಟರೂ ಇದನ್ನು ಬಿಡಬೇಡಿ, ಮೊದಲೇ ಬುಕ್ ಮಾಡಿಕೊಳ್ಳಿ. 1908ರಲ್ಲಿ ಮೇರಿ ಬೋಬೋ ಶುರು ಮಾಡಿದ ಊಟದ ಮನೆ. ಅವರು 102 ತುಂಬಲು ಸ್ವಲ್ಪ ಇರುವಾಗ, 1983ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಗುರುತು ಪರಿಚಯ ಇಲ್ಲದವರನ್ನೆಲ್ಲ ಒಂದೇ ದೊಡ್ಡ ಮೇಜಿಗೆ ಕೂರಿಸುತ್ತಾರೆ. ಪಾತ್ರೆಗಳು ಕೈಯಿಂದ ಕೈಗೆ ಸುತ್ತುತ್ತವೆ. ಊರಿನವರೇ ಒಬ್ಬರು ಕೂತು ಮಾತಾಡಿಸುತ್ತಾರೆ. ನಮ್ಮ ಪಂಕ್ತಿ ಊಟವೇ, ಬಡಿಸುವವರು ಮಾತ್ರ ಇಲ್ಲ. ಕರಿದ ಕೋಳಿ, ಜೋಳದ ರೊಟ್ಟಿಯಂಥದ್ದು, ಸೊಪ್ಪು. ಹಿಟ್ಟಿನಲ್ಲಿ ಹೊರಳಿಸಿ ಗರಿಗರಿ ಕರಿದ ಬೆಂಡೆಕಾಯಿ ಬಂದಾಗ ಅಪ್ಪ ಎರಡು ಸಲ ಹಾಕಿಕೊಂಡರು. ಬೆಂಡೆಕಾಯಿ ಈ ಸೀಮೆಗೆ ಬಂದದ್ದೂ ಗುಲಾಮರಾಗಿ ಬಂದ ಆಫ್ರಿಕಾದವರ ಜೊತೆಗೇ. ಇಲ್ಲಿ ಅದಕ್ಕಿರುವ ಓಕ್ರಾ ಅನ್ನುವ ಹೆಸರೂ ಅವರದೇ.

ಕೊನೆಗೆ ಬೇಯಿಸಿದ ಸೇಬು. ಸಿಹಿಯಾಗಿ, ಮೆತ್ತಗೆ. ಅಪ್ಪ ಖಾಲಿ ಮಾಡಿದ ಮೇಲೆ, ಅದಕ್ಕೆ ವಿಸ್ಕಿ ಹಾಕಿರುತ್ತಾರೆ ಅಂತ ಪಕ್ಕದಲ್ಲಿ ಕೂತಿದ್ದ ಅಜ್ಜಿ ಹೇಳಿದರು. ನಾನು ತರ್ಜುಮೆ ಮಾಡಲೋ ಬೇಡವೋ ಅಂತ ಯೋಚಿಸಿ, ಮಾಡಿದೆ. ಅಪ್ಪ ಚಮಚ ನೋಡಿದರು. ನನ್ನ ನೋಡಿದರು. "ಬೆಂದ್ಮೇಲೆ ಎಲ್ಲಾ ಹೋಗಿರ್ತದೆ" ಅಂತ ತಾವೇ ತೀರ್ಪು ಕೊಟ್ಟುಕೊಂಡರು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರು ಹೆಸರು ಹುಡುಕುತ್ತಿದ್ದರು. ಒಂದೊಂದೇ ಹೆಸರು ಹೇಳುವುದು, ಅದು ಅಲ್ಲ ಅನ್ನುವುದು. ಮನೆ ಮುಟ್ಟುವಾಗ ಸಂಜೆ ಏಳೂವರೆ, ಊರಿನಲ್ಲಿ ಬೆಳಗಿನ ಜಾವ ಆರು. ಕಾರಿನಿಂದ ಇಳಿಯುವ ಮೊದಲೇ ಚಿಕ್ಕಪ್ಪನಿಗೆ ಫೋನ್ ಹಚ್ಚಿಸಿದರು.

"ಏನಣ್ಣ ಇಷ್ಟೊತ್ಗೆ? ಯಾರ್ಗೇನಾಯ್ತು?"

"ಯಾರ್ಗೂ ಏನೂ ಆಗಿಲ್ಲ. ನಮ್ ಆಲೆಮನೇಲಿ ಪಾಕ ನೋಡೋನಲ್ಲ, ಅವನ ಹೆಸ್ರು ಏನೋ?"

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಕೋಳಿ ಕೂಗಿದ್ದು ಕೇಳಿಸಿತು.

"ಪಾಕದಣ್ಣ ಅಲ್ವಾ?"

"ಅದಲ್ಲ ಕಣೋ. ಹೆಸ್ರು. ಇಟ್ಟ ಹೆಸ್ರು. ಅವನ ಮಗ ಮದ್ದೂರಲ್ಲಿ ಅವ್ನಲ್ಲ, ಬಸ್ ಸ್ಟ್ಯಾಂಡ್ ಹತ್ರ ಸೈಕಲ್ ಅಂಗಡಿ. ಇವತ್ತೇ ಹೋಗಿ ಕೇಳ್ಕೊಂಡ್ ಬಾ."

"ಇವತ್ತೇ? ಅದ್ಯಾಕಣ್ಣ, ಏನಿತ್ತು ಅಲ್ಲಿ? ಎಲ್ಲಿಗ್ ಹೋಗಿದ್ರಿ?"

ಅಪ್ಪ ನನ್ನ ಮುಖ ನೋಡಿದರು. ಬೆಳಿಗ್ಗೆ ಹಾಕಿದ ಷರತ್ತು ನೆನಪಾಯಿತೋ ಏನೋ.

"ಒಂದ್ ಆಲೆಮನೆ ನೋಡಕ್ ಹೋಗಿದ್ವಿ," ಅಂದರು.